ಆರು ಗುಂಡಿ, ಒಂದು ಹಸಿರು ದೀಪ

ಬುಧವಾರ ಅಂಚೆಯಲ್ಲಿ ಬಂದ ಪೆಟ್ಟಿಗೆ ಗುರುವಾರ ಬೆಳಗಾದರೂ ಗುಂಯ್ ಎನ್ನುವುದನ್ನು ಬಿಟ್ಟಿರಲಿಲ್ಲ. ನೋಡಲು ಅಂಗೈಗಿಂತ ತುಸು ದೊಡ್ಡದು, ಅಷ್ಟೇ. ಮುಖದ ಮೇಲೆ ಆರು ಗುಂಡಿ, ಒಂದು ಒತ್ತುಬಟನ್, ಅದರ ಪಕ್ಕದಲ್ಲಿ ಸಾಸಿವೆಯಷ್ಟು ಹಸಿರು ದೀಪ. ಕಂಪ್ಯೂಟರಿನಿಂದ ಹೊರಟ ಸದ್ದು ಈ ಈಕ್ವಲೈಸರ್ ಎಂಬ ಪೆಟ್ಟಿಗೆಯನ್ನು ಹಾದು, ಆಂಪ್ಲಿಫೈಯರಿಗೆ ಹೋಗಿ, ಅಲ್ಲಿಂದ ಹೆಡ್‌ಫೋನಿಗೆ ಬರಬೇಕು. ಎಡಗಡೆಯ ಗುಂಡಿ ತಿರುಗಿಸಿದರೆ ತಗ್ಗಿನ ಸದ್ದು ಏರುತ್ತದೆ, ಇಳಿಯುತ್ತದೆ. ಬಲಗಡೆಯದನ್ನು ತಿರುಗಿಸಿದರೆ ಮೇಲಿನ ಚುರುಕು ಸದ್ದು. ಇಷ್ಟೇ ಅದರ ಕೆಲಸ. ಇಷ್ಟು ಕೆಲಸಕ್ಕೆ ಲಿಂಡ್ಸೆ ಟ್ರೆಗೆನ್ನಾ ಒಂದಿಡೀ ದಿನ ಹಾಳುಮಾಡಿಕೊಂಡಿದ್ದ.

ಗುಂಯ್ ಎಲ್ಲಿಂದ ಬರುತ್ತಿದೆಯೆಂದು ಹುಡುಕುತ್ತ ಅವನು ಮೂರು ಸಲ ಮೇಜಿನ ಕೆಳಗೆ ತೂರಿದ, ಎರಡು ಸಲ ತಲೆ ಬಡಿಸಿಕೊಂಡ. ತಂತಿ ಬದಲಿಸಿದ. ಮೇಜಿನ ದೀಪ ಆರಿಸಿದ. ಫೋನನ್ನು ಒಯ್ದು ಕಾರಿನಲ್ಲಿಟ್ಟು ಬಂದ. ರಾತ್ರಿ ಮಲಗುವಾಗ, ಇದು ಫ್ರಿಜ್ಜಿನದೇ ಕಿತಾಪತಿ ಎಂದು ಅದರ ಪ್ಲಗ್ಗನ್ನೂ ಕಿತ್ತು ನೋಡಿ, ಮತ್ತೆ ಹಾಕುವುದನ್ನು ಮರೆತ.

"ಫ್ರಿಜ್ ಯಾಕೆ ಸತ್ತುಬಿದ್ದಿದೆ?" ಎಂದು ಬೆಳಿಗ್ಗೆ ಅಡುಗೆಮನೆಯಿಂದ ಹೆಂಡತಿ ಮೆರಿಲಿನ್ ಕೇಳಿದಳು.

"ಗುಂಯ್ ಅನ್ನೋದನ್ನ ಹುಡುಕ್ತಿದ್ದೆ ಕಣೇ."

"ಸಿಕ್ತಾ?"

"ಇಲ್ಲ."

"ಹಾಲಿನ ವಾಸನೆ ಸಿಗುತ್ತೆ. ಬಾ, ಮೂಸಿ ನೋಡು."

ಅವನು ಹೋಗಿ ಪ್ಲಗ್ ಹಾಕಿದ. ಎದ್ದು ನಿಂತಾಗ ಫ್ರಿಜ್ಜಿನ ಬಾಗಿಲಿನ ಕಾಗದ ನೇರ ಕಣ್ಣೆದುರಿಗೆ ಬಂತು. ನಾಲ್ಕು ದಿನದಿಂದ ಅಲ್ಲೇ ಇತ್ತು, ಅವನು ಆ ಕಡೆ ನೋಡುವುದನ್ನೇ ಬಿಟ್ಟಿದ್ದ. "ಆಲ್ವಿನ್, ಈಸ್ಟರ್ ಸ್ಪರ್ಧೆಗೆ ಮೊದಲ ಕಾರ್ನೆಟ್ ಕುರ್ಚಿಗೆ ಬೇರೆಯವರನ್ನ ನೋಡಿಕೋ. ನನ್ನಿಂದ ಇನ್ನು ಆಗಲ್ಲ." ಕೆಳಗೆ ಮೆರಿಲಿನ್ ಎಂಬ ಸಹಿ. ಆ ದಿನ ಸಂಜೆ ಏಳಕ್ಕೆ ವಿನ್ಯಾರ್ಡ್ ಊರಿನ ಬ್ಯಾಂಡಿನ ಅಭ್ಯಾಸ. ಆಲ್ವಿನ್ ರೋಚ್ ಬ್ಯಾಂಡ್ ಮಾಸ್ಟರು. ಕಾಗದ ಸಂಜೆ ಅವನ ಕೈ ಸೇರಬೇಕಿತ್ತು.

ಕಾರ್ನೆಟ್ ಎಂದರೆ ತುತ್ತೂರಿಯ ಗಿಡ್ಡ ತಂಗಿ. ಹಿತ್ತಾಳೆ ಬ್ಯಾಂಡಿನಲ್ಲಿ ರಾಗ ಹೊತ್ತು ನಡೆಯುವವಳು ಅವಳೇ. ಆ ಮೊದಲ ಕುರ್ಚಿಯಲ್ಲಿ ಮೆರಿಲಿನ್ ಇಪ್ಪತ್ತೆರಡು ವರ್ಷ ಕೂತಿದ್ದಳು. ಜನವರಿಯಲ್ಲಿ ಅವಳ ಮೇಲ್ಸಾಲಿನ ನಾಲ್ಕು ಮುಂಬಲ್ಲು ತೆಗೆದು ಹೊಸದು ಕಟ್ಟಿಸಿದರು. ಕಾರ್ನೆಟ್ಟಿನ ಬಾಯಿ ಒತ್ತಿ ಕೂರುವುದೇ ಆ ಹಲ್ಲುಗಳ ಮೇಲೆ. ಅವು ಹೋದರೆ ನುಡಿಸುವವರ ಜೀವ ಬಾಯಿಗೆ ಬರುತ್ತದೆ. ಫೆಬ್ರವರಿಯ ಮೊದಲ ಅಭ್ಯಾಸ ಮುಗಿದ ಮೇಲೆ ಅವಳು ಗಂಡನನ್ನು ಕೇಳಿದ್ದಳು: "ಬೇರೆಯವರು ನನ್ನ ಮುಖ ನೋಡಿ ಸುಳ್ಳು ಹೇಳ್ತಾರೆ. ನೀನು ಹೇಳು. ಸ್ವರ ಇದೆಯಾ, ಹೋಯ್ತಾ?"

ಅವನನ್ನು ಕೇಳಲು ಕಾರಣವಿತ್ತು. ಲಿಂಡ್ಸೆ ಮೂವತ್ತೊಂದು ವರ್ಷ ರೇಡಿಯೋ ಟೀವಿ ರಿಪೇರಿ ಅಂಗಡಿ ನಡೆಸಿದವನು. ಯಾವ ವಾದ್ಯವೂ ಬಾರದಿದ್ದರೂ ಬ್ಯಾಂಡಿನ ಪ್ರತಿ ಸ್ಪರ್ಧೆ, ಪ್ರತಿ ಅಭ್ಯಾಸವನ್ನು ರೆಕಾರ್ಡ್ ಮಾಡುವವನು ಅವನೇ. ರೆಕಾರ್ಡಿಂಗ್ ಕೆಟ್ಟರೆ ಅಭ್ಯಾಸದ ಹಾಲ್‌ನ ತಗಡಿನ ಸೂರನ್ನು ಬಯ್ಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಜಾತಿ. ಆದರೂ ಬ್ಯಾಂಡಿನಲ್ಲಿ ಅವನ ಕಿವಿಯ ಮಾತಿಗೆ ಬೆಲೆಯಿತ್ತು, ಏಕೆಂದರೆ ಬೆಲೆ ಎಷ್ಟೆಂದು ಅವನೇ ಎಲ್ಲರಿಗೂ ಹೇಳಿಟ್ಟಿದ್ದ. ಯೂಫೋನಿಯಂ ಎಂಬ ದೊಡ್ಡ ಹಿತ್ತಾಳೆ ವಾದ್ಯ ನುಡಿಸುವ ಡಾಟ್ ಫೇರ್‌ಬ್ರದರ್ ಮಾತ್ರ, "ಸತ್ತ ಮೇಲೆ ನಿನ್ನ ಕಿವಿನ ಮ್ಯೂಸಿಯಂಗೆ ಬರೆದುಕೊಡು ಲಿಂಡ್ಸೆ, ಮಕ್ಕಳು ನೋಡ್ಲಿ" ಎನ್ನುತ್ತಿದ್ದಳು.

ಅವನು ಹೋದ ಈಸ್ಟರಿನ ರೆಕಾರ್ಡಿಂಗನ್ನೂ ಈ ಫೆಬ್ರವರಿಯದನ್ನೂ ಹೆಡ್‌ಫೋನಿನಲ್ಲಿ ಕೇಳಿದ. ಡಾಕ್ಟರು ಕನ್ನಡಕ ತೆಗೆಯುವ ಹಾಗೆ ಹೆಡ್‌ಫೋನ್ ತೆಗೆದ. "ಮೇಲಿನ ಹೊಳಪು ಹೋಗಿದೆ ಕಣೇ" ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಶನಿವಾರ ಪಬ್ಬಿನಲ್ಲಿ ಆಲ್ವಿನ್‌ಗೂ ಡಾಟ್‌ಗೂ, ಕಾಳಜಿಯ ಮುಖ ಮಾಡಿ, ದನಿ ತಗ್ಗಿಸಿ ಹೇಳಿದ. ದನಿ ತಗ್ಗಿಸಿ ಹೇಳಿದ್ದು ಊರಿಗೆಲ್ಲ ಬೇಗ ಮುಟ್ಟುತ್ತದೆ. ಅಂದಿನಿಂದ ಮೂರು ವಾರ ಮೆರಿಲಿನ್ ಕಾರ್ನೆಟ್ಟಿನ ಪೆಟ್ಟಿಗೆ ತೆರೆದಿರಲಿಲ್ಲ.

ನಿಜ ತಾನೇ ಹೇಳಿದ್ದು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ, ಆದರೆ ಮನೆಯ ಮೌನ ಅವನನ್ನು ತಿನ್ನುತ್ತಿತ್ತು. ಅದಕ್ಕೇ ಈ ಪೆಟ್ಟಿಗೆ ತರಿಸಿದ್ದು. ಫೆಬ್ರವರಿಯ ರೆಕಾರ್ಡಿಂಗಿನಲ್ಲಿ ಮೇಲಿನ ಸದ್ದನ್ನು ಅಳತೆಗೆ ಸರಿಯಾಗಿ ಏರಿಸಿದರೆ ಹೋದ ಹೊಳಪು ಮರಳಿ ಬರುತ್ತದೆ. ಅವಳಿಗೆ ಕೇಳಿಸುವುದು, ನೋಡು, ಕೊರತೆ ಇಷ್ಟೇ ಇಷ್ಟು ಎನ್ನುವುದು. ಆಮೇಲೆ ಅವಳು ಕಾಗದ ಹರಿದು ಹಾಕುವುದು. ರಿಪೇರಿ ಅಂಗಡಿಯವನಿಗೆ ಹೊಳೆಯುವ ಉಪಾಯ ಇಂಥದ್ದೇ.

ಹನ್ನೊಂದರ ಹೊತ್ತಿಗೆ ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದಾಗ ಗುಂಯ್ ನಿಂತಿತು. ನಿನ್ನೆಯೇ ಹೊಳೆಯಬೇಕಿತ್ತು ಎಂದು ತನ್ನನ್ನು ತಾನೇ ಬಯ್ದುಕೊಂಡು ಕೆಲಸಕ್ಕೆ ಕೂತ. ಬಲತುದಿಯ ಗುಂಡಿ ಏರಿಸಿದ. ಕಾರ್ನೆಟ್ಟಿನ ಜೊತೆಗೆ ಸಿಂಬಲ್ ಎಂಬ ದೊಡ್ಡ ತಾಳದ ಸದ್ದೂ ಎದ್ದು ಬಂದು ಕಿವಿಗೆ ಸೂಜಿ ಚುಚ್ಚಿತು. ಇಳಿಸಿದ, ಮಂಕು. ಪಕ್ಕದ ಗುಂಡಿ ಏರಿಸಿದರೆ ಮೂಗಿನಲ್ಲಿ ಹಾಡಿದಂತೆ. ಒತ್ತುಬಟನ್ ಅದುಮಿದರೆ ಸದ್ದು ಗುಂಡಿಗಳ ಮೂಲಕ ಬರುತ್ತದೆ, ಬಿಟ್ಟರೆ ಅವನ್ನು ತಪ್ಪಿಸಿ ನೇರ ಹೋಗುತ್ತದೆ. ಬಟನ್ ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ಮಧ್ಯಾಹ್ನದ ಊಟವೂ ತಣ್ಣಗಾಯಿತು. ಇಷ್ಟು ಚಿಕ್ಕ ಗುಂಡಿಗಳನ್ನು ಯಾವ ಕೋಳಿಯ ಕಾಲಿಗೆಂದು ಮಾಡಿದ್ದಾರೋ ಎಂದು ರೇಗಿದ.

ಮೂರು ಗಂಟೆಯ ಸುಮಾರಿಗೆ, ಕೂದಲೆಳೆಯಷ್ಟು ಅತ್ತ, ಅದರರ್ಧ ಇತ್ತ ಎಂದು ಎರಡು ಗಂಟೆ ಪಟ್ಟುಹಿಡಿದು ತಿರುಗಿಸಿದ ಮೇಲೆ, ಬಂತು. ಮೆರಿಲಿನ್ ಒಬ್ಬಳೇ ನುಡಿಸುವ ಭಾಗದ ಮೇಲಿನ ಸ್ವರ ಬಿಸಿಲಿಗೆ ಹಿಡಿದ ಹಾಗೆ ಹೊಳೆಯಿತು. ಅವನ ಕಣ್ಣು ಒದ್ದೆಯಾಯಿತು.

"ಮೆರಿಲಿನ್, ಬಾ ಇಲ್ಲಿ. ನಿನ್ನ ಹೊಳಪು ಸಿಕ್ತು."

ಅವಳು ಸಂಜೆಯ ಅಭ್ಯಾಸಕ್ಕೆ ಕುಂಬಳಕಾಯಿ ಹಾಕಿದ ಸ್ಕೋನ್ ಎಂಬ ಪುಟ್ಟ ಬನ್ನು ಮಾಡುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ನೋಡು, ಈ ಗುಂಡಿನ ಇಷ್ಟೇ ಇಷ್ಟು ತಿರುಗಿಸಿದೀನಿ. ಇದನ್ನ ಅದಕ್ಕಿಂತ ಕಡಿಮೆ. ಕಿವಿ ಪಳಗದೆ ಇರೋನಿಗೆ ಇದರ ವ್ಯತ್ಯಾಸ ತಿಳಿಯೋದೇ ಇಲ್ಲ."

"ಈ ದೀಪ ಉರೀಬೇಕಲ್ವಾ?"

"ಯಾವ ದೀಪ?"

"ಬೆಳಿಗ್ಗೆ ಹಸಿರಾಗಿ ಉರೀತಿತ್ತಲ್ಲ, ಇದು."

ಲಿಂಡ್ಸೆ ಕನ್ನಡಕ ಏರಿಸಿ ಬಗ್ಗಿ ನೋಡಿದ. ದೀಪ ಆರಿತ್ತು. ಬಟನ್ ಹೊರಗಿತ್ತು. ಹಾಡು ಪೆಟ್ಟಿಗೆಯ ಗುಂಡಿಗಳ ಹತ್ತಿರವೂ ಸುಳಿಯದೆ ಪಕ್ಕದ ದಾರಿ ಹಿಡಿದು ಹೋಗುತ್ತಿತ್ತು. ಎರಡು ಗಂಟೆ ಕಾಲ ಅವನು ತಿರುಗಿಸಿದ ಆರು ಗುಂಡಿಗಳೂ ಯಾವುದಕ್ಕೂ ತಗುಲಿಕೊಂಡಿರಲಿಲ್ಲ.

"ದೀಪನ ಇಷ್ಟು ಚಿಕ್ಕದಾಗಿ ಇಟ್ರೆ ಯಾವನಿಗೆ ಕಾಣುತ್ತೆ?" ಎಂದ. "ಬಟನ್ನೂ ಸಡಿಲ. ಇದರ ಜೊತೆ ಬಂದ ಪುಸ್ತಕದಲ್ಲೂ ಸರಿಯಾಗಿ ಬರೆದಿಲ್ಲ." ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಿತ್ತು, ಮಾತು ಬೆಳೆದಷ್ಟೂ ಅವನಿಗೇ ನಾಚಿಕೆಯಾಗುತ್ತಿತ್ತು.

ಮೆರಿಲಿನ್ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಹಾಗಾದ್ರೆ ಈಗ ಎರಡು ಗಂಟೆ ಏನು ಕೇಳಿಸ್ಕೊಂಡೆ?"

"ಅದೂ... ಕಿವಿ ದಣಿದಾಗ ಹೀಗಾಗುತ್ತೆ. ಎಲ್ಲರಿಗೂ ಆಗುತ್ತೆ."

"ಮೂರು ವಾರದ ಹಿಂದೆ ಏನು ಕೇಳಿಸ್ಕೊಂಡೆ?"

"ಅದು ಬೇರೆ ಮೆರಿಲಿನ್. ಆವತ್ತು ಸರಿಯಾಗೇ ಕೇಳಿದೀನಿ."

"ಯಾವುದು ಹಳೇ ಹಲ್ಲಿಂದು, ಯಾವುದು ಹೊಸಾ ಹಲ್ಲಿಂದು ಅಂತ ಗೊತ್ತಿದ್ದೇ ಕೇಳಿದೆ, ಅಲ್ವಾ?"

ಅವಳು ಹಿತ್ತಲಿಗೆ ಹೋಗಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಎತ್ತಿಕೊಂಡು ಬಂದಳು, ಅದರ ಮೇಲೆ ಹಾಸಿಗೆಯ ದುಪ್ಪಟಿ ಹೊದಿಸಿದಳು.

"ಏನಿದು?"

"ಡೇರೆ. ಒಳಗೆ ಕೂತ್ಕೋ. ಎರಡು ಸಲ ಹಾಕ್ತೀನಿ, ಯಾವುದು ಯಾವಾಗಿಂದು ಅಂತ ಬರಿ."

ಬ್ಯಾಂಡ್ ಸ್ಪರ್ಧೆಯ ತೀರ್ಪುಗಾರನನ್ನು ಡೇರೆಯೊಳಗೆ ಕೂರಿಸುತ್ತಾರೆ. ಯಾವ ಊರಿನ ಬ್ಯಾಂಡ್, ಯಾರು ಮುದುಕರು, ಯಾರು ಎಳೆಯರು ಎಂದು ಅವನ ಕಣ್ಣಿಗೆ ಬೀಳಕೂಡದು. ಹೊರಗಿನಿಂದ ಸೀಟಿ ಊದಿದ ಮೇಲೆ ಕೇಳುತ್ತಾನೆ, ಕೇಳಿದ್ದನ್ನು ಬರೆಯುತ್ತಾನೆ. ಇಪ್ಪತ್ತು ವರ್ಷದಿಂದ ಲಿಂಡ್ಸೆ ಆ ಡೇರೆಗಳನ್ನು ದೂರದಿಂದ ನೋಡಿ, ಅಲ್ಲಿ ಕೂರಬೇಕಾದವನು ನಾನು ಎಂದುಕೊಂಡಿದ್ದ. ಈಗ ಮೊಣಕಾಲು ಎದೆಗೆ ತಾಗುವ ಹಾಗೆ ಮುದುರಿ, ಹೂವಿನ ದುಪ್ಪಟಿಯೊಳಗೆ ಕೂತ. ತಲೆಗೆ ಹೆಡ್‌ಫೋನ್, ಕೈಗೆ ಪೆನ್ಸಿಲ್, ಕಾಗದ ಬಂತು. ಮೆರಿಲಿನ್ ಪೆಟ್ಟಿಗೆಯ ಬಟನ್ ಮುಟ್ಟಲಿಲ್ಲ. ಸದ್ದು ಇದ್ದ ಹಾಗೇ ನೇರ ಬರಲಿ ಎಂದಳು. ಚಮಚದಿಂದ ಕಪ್ಪಿಗೆ ಒಮ್ಮೆ ಬಡಿದಳು.

ಮೊದಲನೆಯದು ಮುಗಿಯಿತು. ಅವನು ಬರೆದ. ಮತ್ತೆ ಚಮಚದ ಸದ್ದು, ಎರಡನೆಯದು. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲೇ ಅವನ ಎದೆ ಹಗುರಾಯಿತು. ಅನುಮಾನವೇ ಇರಲಿಲ್ಲ. ಸರಸರನೆ ಬರೆದು, ಕಾಗದವನ್ನು ದುಪ್ಪಟಿಯ ಸಂದಿಯಿಂದ ಹೊರಗೆ ಚಾಚಿದ.

ಮೆರಿಲಿನ್ ಗಟ್ಟಿಯಾಗಿ ಓದಿದಳು. "ಒಂದು. ಶ್ರುತಿ ಸರಿ. ಸ್ವರ ಮಂಕು, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಇದು ಈ ವರ್ಷದ್ದು. ಎರಡು. ಸ್ವರ ತೆರೆದಿದೆ, ಹೊಳಪಿದೆ. ಇದು ಹೋದ ವರ್ಷದ್ದು, ಹಲ್ಲು ಇದ್ದಾಗಿನದು."

"ಸರಿ ತಾನೇ?"

"ಎರಡೂ ಒಂದೇ. ಫೆಬ್ರವರಿದನ್ನೇ ಎರಡು ಸಲ ಹಾಕಿದೆ."

ಲಿಂಡ್ಸೆ ದುಪ್ಪಟಿ ಸರಿಸಿ ಪರದೆ ನೋಡಿದ. ಫೆಬ್ರವರಿ ಎಂದೇ ಇತ್ತು. ಮತ್ತೆ ದುಪ್ಪಟಿ ಬಿಟ್ಟ. ಹೊರಗೆ ಬರಲು ಅವನಿಗೆ ಮನಸ್ಸಾಗಲಿಲ್ಲ.

"ಮೂರು ವಾರ, ಲಿಂಡ್ಸೆ," ಎಂದಳು. ದನಿ ಏರಿರಲಿಲ್ಲ. "ದಿನಾ ಕನ್ನಡಿ ಮುಂದೆ ತುಟಿ ಎತ್ತಿ ನೋಡ್ಕೊಂಡಿದೀನಿ. ಬಾಯೊಳಗೆ ಏನೋ ಸತ್ತಿದೆ ಅನ್ನೋ ಹಾಗೆ."

"ತಪ್ಪಾಯ್ತು ಕಣೇ."

"ಈ ಮನೇಲಿ ಮಾತ್ರ ಹೇಳಿದ್ರೆ ಇಲ್ಲೇ ತಪ್ಪಾಯ್ತು ಅಂದು ಮುಗಿಸಬಹುದಿತ್ತು. ನೀನು ಪಬ್ಬಲ್ಲಿ ಹೇಳಿದೀಯ."

"ಈಗ ಏನು ಮಾಡ್ಲಿ?"

"ಏಳಕ್ಕೆ ಹಾಲ್‌ಗೆ ಬಾ. ಈ ಕಾಗದ ಜೇಬಲ್ಲಿ ಇಟ್ಕೋ." ಅವಳು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಸ್ಕೋನ್ ಸೀದ ವಾಸನೆ ಬಂತು, ಆಮೇಲೆ ಫ್ರಿಜ್ಜಿನಿಂದ ಕಾಗದ ಕಿತ್ತ ಸದ್ದು. ಹರಿದಳೋ ಪರ್ಸಿಗೆ ಹಾಕಿಕೊಂಡಳೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಹಾಲ್‌ನಲ್ಲಿ ಇಪ್ಪತ್ತು ಜನ ಕೂತಿದ್ದರು. ಎರಡನೇ ಕುರ್ಚಿಯವನು ತನ್ನ ಸ್ವರಹಾಳೆಯ ಸ್ಟ್ಯಾಂಡನ್ನು ಆಗಲೇ ಗೇಣುದ್ದ ಮೊದಲ ಕುರ್ಚಿಯ ಕಡೆಗೆ ಎಳೆದಿಟ್ಟಿದ್ದ. ಪಾಪ, ಅವನ ತಪ್ಪೇನೂ ಇರಲಿಲ್ಲ. ಮೆರಿಲಿನ್ ಪಕ್ಕದಲ್ಲಿ ಕಾರ್ನೆಟ್ಟಿನ ಪೆಟ್ಟಿಗೆ ಇಟ್ಟು ಖಾಲಿ ಕುರ್ಚಿಯ ಹಿಂದೆ ನಿಂತಳು, ಕೂರಲಿಲ್ಲ.

ಆಲ್ವಿನ್ ಮೆಲ್ಲಗೆ ಬಂದ. "ಏನೋ ಕಾಗದ ಕೊಡ್ತೀನಿ ಅಂದಿದ್ದೆ ಮೆರಿಲಿನ್."

"ಲಿಂಡ್ಸೆ ಹತ್ರ ಇದೆ."

ಎಲ್ಲರೂ ಅವನ ಕಡೆ ತಿರುಗಿದರು. ಲಿಂಡ್ಸೆ ಜೇಬಿನಿಂದ ಕಾಗದ ತೆಗೆದ. ಬರೆದದ್ದನ್ನು ಓದಿದ, ಒಂದು, ಎರಡು. ಎರಡೂ ಒಂದೇ ರೆಕಾರ್ಡಿಂಗ್ ಎಂದೂ ಹೇಳಿದ. ಆಮೇಲೆ ನೆಲ ನೋಡುತ್ತ, "ಅವಳ ಸ್ವರ ಹೇಗಿದೆ ಅಂತ ನಂಗೆ ಗೊತ್ತಿಲ್ಲ. ಗೊತ್ತಿದೆ ಅಂದಿದ್ದು ಸುಳ್ಳು" ಎಂದ.

ಹಿಂದಿನ ಸಾಲಿನಿಂದ ಡಾಟ್ ಹೇಳಿದಳು, "ಕೇಳಿಸ್ಲಿಲ್ಲ ಲಿಂಡ್ಸೆ. ಇನ್ನೊಂದ್ಸಲ ಹೇಳು."

ಯಾರೂ ನಗಲಿಲ್ಲ. ಅವನು ತಲೆಯೆತ್ತಿ, ತಗಡಿನ ಸೂರಿಗೂ ಮುಟ್ಟುವ ಹಾಗೆ ಇನ್ನೊಂದು ಸಲ ಹೇಳಿದ.

ಆಗ ಮೆರಿಲಿನ್ ಕೂತಳು. ಪೆಟ್ಟಿಗೆ ತೆರೆದು, ಮೂರು ವಾರದಿಂದ ತಣ್ಣಗಿದ್ದ ಕಾರ್ನೆಟ್ಟಿಗೆ ಉಸಿರೂದಿ ಬಿಸಿ ಮಾಡಿ, ಹೊಸ ಹಲ್ಲಿಗೆ ಒತ್ತಿ ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದಳು. ಲಿಂಡ್ಸೆ ಮೈಯೆಲ್ಲ ಕಿವಿಯಾಗಿ ಕೇಳಿದ. ಚೆನ್ನಾಗಿದೆಯೋ ಮಂಕಾಗಿದೆಯೋ, ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದ. ಡಾಟ್ ಕಣ್ಣು ಮುಚ್ಚಿದ್ದಳು. ಎರಡನೇ ಕುರ್ಚಿಯವನು ಸ್ಟ್ಯಾಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಿದ್ದ.

"ಸರಿ," ಎಂದ ಆಲ್ವಿನ್, ಕೋಲು ಎತ್ತಿಕೊಳ್ಳುತ್ತ. "ಎಲ್ಲರೂ ಮೆರಿಲಿನ್ ಶ್ರುತಿಗೆ ಬನ್ನಿ."