ಹದಿನಾಲ್ಕು ಅಡಿ ಮೇಜಿನ ಕೆಳಗಿನ ಡ್ರಾವರ್

ನಾನೊಂದು ಮೇಜು. ಬರೀ ಮೇಜು ಅಂದರೆ ನನಗೆ ಸಿಟ್ಟು ಬರುತ್ತದೆ. ಹದಿನಾಲ್ಕು ಅಡಿ ಉದ್ದ, ಆರು ಕಾಲು, ಮೈಯೆಲ್ಲ ದಾಂಡೇಲಿಯ ಸಾಗವಾನಿ. ಮೌನೇಶಪ್ಪ ಬಡಿಗೇರ ನನ್ನನ್ನು ಮಾಡುವಾಗ ಒಂದೇ ಒಂದು ಮೊಳೆ ಹೊಡೆಯಲಿಲ್ಲ. ಎಲ್ಲ ಕೂಡುಗಳನ್ನೂ ಕಚ್ಚು ಹಾಕಿ ಬಿಗಿದು, "ಇನ್ನ ನೂರು ವರ್ಷ ಇದನ್ನ ಯಾವ ಮಗನೂ ಬಿಚ್ಚಂಗಿಲ್ಲ" ಎಂದು ಬೆನ್ನು ತಟ್ಟಿದ. ನಾನು ಉಬ್ಬಿಹೋದೆ. ಅದೇ ಗಟ್ಟಿತನದ ಮೇಲೆ ಒಂದು ದಿನ ನನಗೇ ಹೇಸಿಕೆ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ನಾನು ಬಂದಾಗ ನಮ್ಮ ವಿಶ್ವವಿದ್ಯಾಲಯ ಅಂದರೆ ಗುಡ್ಡದ ಮೇಲೆ ಒಂದು ಕಟ್ಟಡ, ಏಳು ಮಂದಿ ಮಾಸ್ತರರು, ಮತ್ತು ನಾನು. ಅಷ್ಟೇ. ಏಳು ವಿಭಾಗಗಳೂ ನನ್ನ ಸುತ್ತಲೇ ಕೂತವು. ಒಬ್ಬೊಬ್ಬರಿಗೆ ನನ್ನ ಮೇಲೆ ಎರಡೆರಡು ಮೊಳ ಜಾಗ, ಒಂದೊಂದು ಡ್ರಾವರ್, ಅದಕ್ಕೊಂದು ಕೀಲಿ. ಗಣಿತದವರ ಮಸಿಕುಡಿಕೆ ಕನ್ನಡದವರ ಗಡಿ ದಾಟಿತೋ, ಮಧ್ಯಾಹ್ನದ ಚಹಾ ಬರುವವರೆಗೆ ಇಬ್ಬರೂ ಮಾತು ಬಿಡುತ್ತಿದ್ದರು. ರಸಾಯನಶಾಸ್ತ್ರದವರು ಚೆಲ್ಲಿದ ಆಮ್ಲದ ಕಲೆ ಇವತ್ತಿಗೂ ನನ್ನ ಎಡಭುಜದ ಮೇಲಿದೆ.

ಆಮೇಲೆ ಕೂಡಿದ ಮನೆ ಪಾಲಾದ ಹಾಗೆ ಒಬ್ಬೊಬ್ಬರೇ ಬೇರೆಯಾದರು. ಭೌತಶಾಸ್ತ್ರಕ್ಕೆ ಸ್ವಂತ ಕಟ್ಟಡ ಬಂತು. ಗಣಿತದ ಮಗ್ಗುಲಿಂದ ಸಂಖ್ಯಾಶಾಸ್ತ್ರ ಹೊರಟಿತು. ರಸಾಯನಶಾಸ್ತ್ರ ಒಡೆದು ಜೀವರಸಾಯನಶಾಸ್ತ್ರ ಆಯಿತು. ಹೋಗುವ ವಿಭಾಗದವರು ನನ್ನ ಮೇಲೆ ಪೇಢೆಯ ಡಬ್ಬಿ ಇಟ್ಟು ಎಲ್ಲರಿಗೂ ಹಂಚಬೇಕು, ಡ್ರಾವರಿನ ಕೀಲಿಯನ್ನು ಹೊಸದಾಗಿ ಹುಟ್ಟುವ ವಿಭಾಗಕ್ಕೆ ಕೊಡಬೇಕು. ಇದು ನಮ್ಮಲ್ಲಿನ ಪದ್ಧತಿ. ಹೊಸ ವಿಭಾಗದ ಮೊದಲ ಕುರ್ಚಿ ನನ್ನ ಬದಿಗೇ ಬೀಳುತ್ತಿತ್ತು. ಮೂವತ್ತು ವರ್ಷದಲ್ಲಿ ಹತ್ತೊಂಬತ್ತು ವಿಭಾಗಗಳನ್ನು ನಾನು ಸಾಕಿ ಕಳಿಸಿದ್ದೇನೆ. ಸುಳ್ಳಾದರೆ ಅಡಿವೆಪ್ಪನನ್ನು ಕೇಳಬಹುದಿತ್ತು. ದಿನಾ ನನ್ನನ್ನು ಒರೆಸುತ್ತಿದ್ದ ಜವಾನ ಅವನು. ಈಗ ಅವನೇ ಇಲ್ಲ.

ಹೋಗದೆ ಉಳಿದವರು ಒಬ್ಬರೇ, ಇತಿಹಾಸದ ಹುದಲಿ ಸರ್. ಇತಿಹಾಸಕ್ಕೆ ಬೇರೆ ಕೋಣೆ ಸಿಕ್ಕರೂ ಅವರು ನನ್ನ ಬಡಗಣ ತುದಿಯ ಕುರ್ಚಿ ಬಿಡಲಿಲ್ಲ. ಪುರಾತತ್ವಕ್ಕೆ ಒಂದು ವಿಭಾಗ ತೆಗೆಯಬೇಕೆಂದು ಹನ್ನೊಂದು ವರ್ಷದಿಂದ ಅರ್ಜಿ ಬರೆಯುತ್ತಿದ್ದರು. ಅಗೆದು ತಂದ ಮಡಕೆಚೂರುಗಳನ್ನು ನನ್ನ ಮೇಲೆ ಹರವಿ, ಕೂಸಿನ ಮುಖ ಒರೆಸಿದ ಹಾಗೆ ಒಂದೊಂದನ್ನೇ ಒರೆಸುವರು. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅದೇ ತುದಿಯಲ್ಲಿ ಮಾನವಶಾಸ್ತ್ರ ಹುಟ್ಟಿತು. ಅದರ ಮುಖ್ಯಸ್ಥೆ ವಿಮಲಾ ಕುಬಸದ, ಹಿಂದೆ ಹುದಲಿ ಸರ್ ಕೈಯಲ್ಲೇ ಕಲಿತವರು. ಮೇಲಿನ ಡ್ರಾವರ್ ಅವರದು, ಕೆಳಗಿನದು ಸರ್ ಅವರದು. ಎರಡನೇ ವರ್ಷದ ಜುಲೈಯಲ್ಲಿ ಕುಲಸಚಿವರ ಸುತ್ತೋಲೆ ಬಂತು: ಮೂವತ್ತೊಂದರ ಸಂಜೆ ಐದರೊಳಗೆ ಹತ್ತು ವಿದ್ಯಾರ್ಥಿಗಳ ಹೆಸರು ದಾಖಲಾಗದಿದ್ದರೆ ಮಾನವಶಾಸ್ತ್ರ ಮುಚ್ಚತಕ್ಕದ್ದು, ಅದಕ್ಕೆ ಮಂಜೂರಾದ ಕೋಣೆ, ಹುದ್ದೆಗಳು ಹೊಸ ಪುರಾತತ್ವ ವಿಭಾಗಕ್ಕೆ.

ಮೂವತ್ತೊಂದು ಬಂತು. ಹೊರಗೆ ಜಿಟಿಜಿಟಿ ಮಳೆ. ದಾಖಲಾದವರು ಒಂಬತ್ತೇ ಮಂದಿ.

ಮಧ್ಯಾಹ್ನ ನಾಲ್ಕಕ್ಕೆ ಒಬ್ಬಳು ಹುಡುಗಿ ಒದ್ದೆ ಸೀರೆಯಲ್ಲಿ ಒಳಗೆ ಬಂದಳು. ಸೋನಾಬಾಯಿ ಲಮಾಣಿ. ತನ್ನ ಲಂಬಾಣಿ ತಾಂಡಾದಿಂದ ಎಂ.ಎ.ವರೆಗೆ ಬಂದ ಮೊದಲನೆಯವಳು.

"ಮೇಡಂ, ಪಟ್ಟ್ಯಾಗ ನನ್ನ ಹೆಸರಿಲ್ರೀ. ಹದಿನೈದ ದಿನದ ಹಿಂದ ಅರ್ಜಿ ಲಕೋಟಿ ನಿಮ್ಮ ಕೈಯಾಗ ಕೊಟ್ಟೇನಲ್ಲರೀ! ಮಾರ್ಕ್ಸ್ ಕಾರ್ಡು, ಟಿ.ಸಿ., ಎಲ್ಲಾ ಅಸಲಿವು ಅದರಾಗ ಅದಾವ್ರೀ."

ವಿಮಲಾ ಅವರ ಮುಖ ಬಿಳಿಚಿತು. ಇಸಿದುಕೊಂಡದ್ದು ಅವರಿಗೆ ನೆನಪಿತ್ತು. ಮೇಲಿನ ಡ್ರಾವರನ್ನು ಎಳೆದು ನನ್ನ ಮೇಲೆ ಬೋರಲು ಹಾಕಿದರು. ಪ್ರಶ್ನಪತ್ರಿಕೆ, ಟಿಪ್ಪಣಿ, ಹಳೇ ಸುತ್ತೋಲೆ, ಎಲ್ಲ ಇತ್ತು. ಅದೊಂದೇ ಇರಲಿಲ್ಲ.

ನನಗೆ ಗೊತ್ತಿತ್ತು! ತುಂಬಿ ತುಳುಕುತ್ತಿದ್ದ ಆ ಡ್ರಾವರನ್ನು ಅವರು ಅವತ್ತು ಒತ್ತಿ ಮುಚ್ಚಿದಾಗ ಮೇಲಿದ್ದ ಲಕೋಟೆ ಹಿಂದಕ್ಕೆ ಜಾರಿ, ಹಲಗೆಯ ಸಂದಿನಿಂದ ಕೆಳಗಿನ ಡ್ರಾವರಿಗೆ ಬಿದ್ದಿತ್ತು. ನನ್ನ ಹೊಟ್ಟೆಯೊಳಗೇ ಇತ್ತು. ಬಾಯಿ ಇಲ್ಲದವನ ಹಣೆಬರಹ ನೋಡಿ. ಗೊತ್ತಿದ್ದೂ ಸುಮ್ಮನೆ ನಿಂತಿರಬೇಕು.

ಅಡಿವೆಪ್ಪ ಒರೆಸುವ ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಬಗ್ಗಿದ. "ತಡೀರಿ ಬಾಯಾರ. ಹ್ವಾದ ವರ್ಷ ನಿಮ್ಮ ಪೆನ್ನು ಕಳದಿತ್ತಲ್ಲ, ಸಾಹೇಬ್ರ ಡ್ರಾವರಿನ್ಯಾಗ ಸಿಕ್ತು. ಹಿಂದ ಸಂದು ಐತಿ." ಖಾಲಿಯಾದ ಜಾಗದೊಳಗೆ ತೋಳು ತೂರಿಸಿ, ಕೆನ್ನೆಯನ್ನು ನನ್ನ ಅಂಚಿಗೆ ಒತ್ತಿ ತಡಕಾಡಿದ. "ಐತ್ರೀ! ಲಕೋಟಿ ಬೆರಳಿಗೆ ಹತ್ತೇತಿ, ಹಿಡ್ಯಾಕ ಬರವಲ್ದು!"

ಎಲ್ಲರೂ ಹುದಲಿ ಸರ್ ಕಡೆ ನೋಡಿದರು. ಅವರು ಕುರ್ಚಿಯಲ್ಲೇ ಕೂತಿದ್ದರು.

"ಅದು ನನ್ನ ಕಾಗದ ಇರಬೇಕು," ಎಂದರು. ಆಮೇಲೆ ಮೆಲ್ಲಗೆ, "ಕೀಲಿ ಮನ್ಯಾಗ ಅದ," ಎಂದರು.

ಅಯ್ಯೋ ದೇವರೇ! ಬೆಳಿಗ್ಗೆಯಿಂದ ಅವರ ಕೋಟಿನ ಬಲಜೇಬು ನನ್ನ ಅಂಚಿಗೆ ತಾಗಿಕೊಂಡೇ ಇತ್ತು. ಕೀಲಿ ಅದರಲ್ಲಿತ್ತು. ಈಗ ಅವರ ಕೈಯೂ ಅದೇ ಜೇಬಿನಲ್ಲಿತ್ತು. ಮೇಲಿನಿಂದ ನೋಡಿದವರಿಗೆ ಕಾಣುವುದು ಮುಖ. ಕೆಳಗಿನಿಂದ ನೋಡುವ ನನಗೆ ಆ ಮುಷ್ಟಿ ಕೀಲಿಯನ್ನು ಬಿಗಿಹಿಡಿಯುವುದು ಕಾಣುತ್ತಿತ್ತು.

"ಸರ್, ನಿಮ್ಮ ಕೈಯಾಗ ಕಲತಾಕಿ ನಾನು," ಎಂದರು ವಿಮಲಾ. "ನನ್ನ ವಿಭಾಗ ಹೋದ್ರ ಹೋಗ್ಲಿ. ಈ ಹುಡುಗೀದು ವರ್ಷ ಹಾಳಾಗತೈತ್ರಿ."

"ಮನಿಗೆ ಹೋಗಿ ಬರೂದ್ರಾಗ ಐದೂವರಿ ಆಗ್ತದ. ನಾ ಏನ್ ಮಾಡ್ಲಿ?"

ನಾಲ್ಕೂ ಮುಕ್ಕಾಲಾಯಿತು. ಸೋನಾಬಾಯಿ ಅಳಲಿಲ್ಲ. ಕೆಳಗಿನ ಡ್ರಾವರಿನ ಮುಂದೆ ನೆಲದ ಮೇಲೆ ಕೂತು ಕೀಲಿಯ ತೂತಿನೊಳಗೆ ಇಣುಕಿದಳು. ಅವಳ ಉಸಿರು ನನ್ನ ಕಟ್ಟಿಗೆಗೆ ತಾಗಿತು.

ಅಡಿವೆಪ್ಪ ಹೊರಗೆ ಹೋಗಿ ಮಾಲಿಯ ಕಬ್ಬಿಣದ ಹಾರೆ ಹಿಡಿದುಕೊಂಡು ಬಂದ.

"ಏ ಅಡಿವೆಪ್ಪಾ! ಅದು ಸರಕಾರದ ಸಾಮಾನು. ಸಸ್ಪೆಂಡ್ ಆಗ್ತಿ ನೋಡು!" ಸರ್ ಎದ್ದು ನಿಂತರು.

"ಆಗೋದಿದ್ರ ಆಗ್ಲಿ ತಗೋರಿ. ಇಪ್ಪತ್ತೆರಡು ವರ್ಷ ಇದರ ಮೈ ತಿಕ್ಕೇನಿ, ಒಂದ ಸಲ ಬಡ್ಯಾಕ ನನಗ ಹಕ್ಕಿಲ್ಲೇನು?"

ಮೊದಲ ಏಟು ಬಿತ್ತು. ನಾನು ಜಗ್ಗಲಿಲ್ಲ. ಎರಡನೆಯದಕ್ಕೂ ಜಗ್ಗಲಿಲ್ಲ. ಹಾಳಾದ ಮೌನೇಶಪ್ಪ, ಹಾಳಾದ ಅವನ ಕಚ್ಚು! ಒಡೆ, ಒಡೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ಏಟಿಗೆ ನನ್ನ ಮೈಯೊಳಗೆ ಏನೋ ಲಟಕ್ಕೆಂದಿತು. ನೋವಾಯಿತು; ಸುಳ್ಳು ಯಾಕೆ ಹೇಳಲಿ, ಬಹಳ ನೋವಾಯಿತು. ಡ್ರಾವರಿನ ಮುಂದಿನ ಹಲಗೆ ಸೀಳಿ ಬಿತ್ತು. ಸೋನಾಬಾಯಿ ಲಕೋಟೆ ಎತ್ತಿಕೊಂಡು ಓಡಿದಳು, ಹಿಂದೆ ವಿಮಲಾ.

ಐದರ ಗಂಟೆ ಹೊಡೆಯಿತು. ಮೆಟ್ಟಿಲ ಮೇಲೆ ಸಪ್ಪಳವಿಲ್ಲ. ಅಡಿವೆಪ್ಪ ಹಾರೆ ಹಿಡಿದೇ ನಿಂತಿದ್ದ. ಕೊನೆಗೆ ಹುಡುಗಿ ಬಂದು ಒಂದು ರಸೀದಿಯನ್ನು ನನ್ನ ಮೇಲಿಟ್ಟಳು. ಮೊಹರಿನ ಮಸಿ ಇನ್ನೂ ಹಸಿ. ಅದರ ಮೇಲೆ ಗುಮಾಸ್ತ ಬರೆದಿದ್ದ: ನಾಲ್ಕು ಐವತ್ತೆಂಟು, ಕ್ರಮಸಂಖ್ಯೆ ಹತ್ತು.

ಅಡಿವೆಪ್ಪನಿಗೆ ಮೆಮೊ ಬಂತು, ಬಡ್ತಿ ತಪ್ಪಿತು. ಅವನು ಮರುದಿನವೂ ಬಂದು ನನ್ನನ್ನು ಒರೆಸಿದ. ಸೀಳಿದ ಜಾಗದಲ್ಲಿ ಮಾತ್ರ ಅರಿವೆಯನ್ನು ಹಗುರಾಗಿ ಆಡಿಸಿದ. ಹುದಲಿ ಸರ್ ಪುರಾತತ್ವ ವಿಭಾಗ ಕಾಣದೆ ನಿವೃತ್ತರಾದರು. ಹೋಗುವ ದಿನ ಯಾರೂ ಇಲ್ಲದ್ದನ್ನು ನೋಡಿ ಜೇಬಿನಿಂದ ಆ ಕೀಲಿ ತೆಗೆದು ನನ್ನ ಮೇಲಿಟ್ಟರು. ಪೇಢೆ ಇರಲಿಲ್ಲ. ಅಂಗೈಯನ್ನು ನನ್ನ ಮೇಲೆ ಊರಿ ಬಹಳ ಹೊತ್ತು ನಿಂತು ಹೋದರು. ನನಗೆ ಅವರ ಮೇಲೆ ಸಿಟ್ಟು ಉಳಿಯಲಿಲ್ಲ. ಅವರಿಗೂ ಒಂದು ಕೂಸು ಬೇಕಿತ್ತು.

ಮಾನವಶಾಸ್ತ್ರವೂ ಸ್ವಂತ ಕಟ್ಟಡಕ್ಕೆ ಹೋಯಿತು. ಗುಡ್ಡದ ತುಂಬ ಕಟ್ಟಡಗಳಾದವು, ಐವತ್ತರ ಮೇಲೆ ವಿಭಾಗಗಳಾದವು. ನನ್ನನ್ನು ಜಿಮಖಾನೆಯ ಹಿಂದಿನ ಉಗ್ರಾಣಕ್ಕೆ ನೂಕಿದರು. ಮೇಲೆ ಮುರಿದ ಕುರ್ಚಿಗಳು, ಕೆಳಗೆ ಬೆಕ್ಕಿನ ಮರಿಗಳು. ಹೋದ ವರ್ಷ ಹರಾಜಿನ ಪಟ್ಟಿಯಲ್ಲಿ ನನ್ನ ಹೆಸರೂ ಬಂತು: "ಮೇಜು ಒಂದು, ಡ್ರಾವರ್ ಮುರಿದಿದೆ, ದುರಸ್ತಿಗೆ ಯೋಗ್ಯವಲ್ಲ."

ಸಹಿ ಹಾಕಲು ಡೀನ್ ಬಂದರು. ತಲೆ ನರೆತ ಹೆಂಗಸು. ಪಟ್ಟಿ ಓದಿ, ಕುರ್ಚಿಗಳನ್ನು ಸರಿಸಿ, ಹಾರೆಯ ಗುರುತಿನ ಮೇಲೆ ಬೆರಳಿಟ್ಟರು. ಸೋನಾಬಾಯಿ!

"ಇದನ್ನ ಮಾರಬ್ಯಾಡ್ರಿ," ಎಂದರು. "ಅಲೆಮಾರಿ ಸಮುದಾಯಗಳ ಅಧ್ಯಯನ ವಿಭಾಗ ಸುರು ಆಗೂದೈತಿ. ಕೋಣಿ ಇನ್ನೂ ಮಂಜೂರಾಗಿಲ್ಲ. ವರಾಂಡದಾಗ ಇದನ್ನ ಹಾಕ್ರಿ, ಒಂದು ಕುರ್ಚಿ ಇಡ್ರಿ."

ಬಡಿಗ ಬಂದು ಡ್ರಾವರಿಗೆ ಮುಂದಿನ ಹಲಗೆ ಕೂಡಿಸಲೇ, ಬೀಗ ಹಾಕಲೇ ಎಂದು ಕೇಳಿದ.

"ಬ್ಯಾಡೋ ಮಾರಾಯಾ. ಬರೋ ಹುಡುಗ್ರು ಅರ್ಜಿ ಇದರಾಗ ಹಾಕ್ಲಿ. ಇದಕ್ಕ ಕೀಲಿ ಬ್ಯಾಡ."

ಹೀಗೆ ಮುದಿವಯಸ್ಸಿನಲ್ಲಿ ಇಪ್ಪತ್ತನೆಯ ಕೂಸು ನನ್ನ ಮಡಿಲಿಗೆ ಬಂದಿದೆ. ಯಾರೂ ಬಿಚ್ಚಲಾರರು ಎಂದು ಜಂಬಪಟ್ಟವನು ನಾನು. ಈಗ ಬಾಯಿ ತೆರೆದುಕೊಂಡು ವರಾಂಡದಲ್ಲಿ ಕೂತಿದ್ದೇನೆ. ಆದರೆ ಕುಲಸಚಿವರ ಆ ಹತ್ತು ಹೆಸರಿನ ನಿಯಮ ಮಾತ್ರ ಬದಲಾಗಿಲ್ಲ. ಇವತ್ತಿಗೆ ಎಂಟು ಅರ್ಜಿ ಬಂದಿವೆ. ಮೂವತ್ತೊಂದಕ್ಕೆ ಇನ್ನು ನಾಲ್ಕು ದಿನ. ಮೆಟ್ಟಿಲ ಮೇಲೆ ಸಪ್ಪಳವಾದಾಗಲೆಲ್ಲ ಬಂದರೇನೋ ಎಂದು ಕಿವಿಗೊಡುತ್ತೇನೆ.