ಯಾರೂ ಕೂಗದ ಪೋರ್ಟ್

ಶೀತ ಗೋದಾಮಿನ ಸರ್ವರಿನಲ್ಲಿ ಯಾವ ಯಾವ ಪೋರ್ಟ್, ಅಂದರೆ ಬೇರೆ ಯಂತ್ರಗಳ ಕರೆ ಒಳಬರುವ ಬಾಗಿಲು, ತೆರೆದಿದೆ, ಒಂದೊಂದರ ಹಿಂದೆ ಯಾವ ಪ್ರೋಗ್ರಾಂ ಕೂತಿದೆ ಎಂದು ಪತ್ತೆ ಹಚ್ಚಿ ಕೊಡದಿದ್ದರೆ ಆಸ್ಪತ್ರೆಯವರು ಇನ್ನು ಅಲ್ಲಿ ಲಸಿಕೆ ಇಡಲು ಒಪ್ಪುತ್ತಿರಲಿಲ್ಲ. ಮನೆಯಲ್ಲೇ ಈ ಕೆಲಸ ಬಲ್ಲ ಸೊಸೆ ಇರುವಾಗ ಹೊರಗಿನವರೇಕೆ ಎಂದು ಅತ್ತೆ ಹಟ ಹಿಡಿದರು. ಹಾಗಾಗಿ ಅತ್ತಿಗೆ ಬಂದಳು. ಗೋದಾಮು ನಡೆಸುತ್ತಿದ್ದ ಮೈದುನನಿಗೆ ಮೈಯೆಲ್ಲ ಉರಿಯಿತು. ಅಣ್ಣ ತನ್ನೊಡನೆ ಜಗಳವಾಡಿ ಗೋದಾಮು ಬಿಟ್ಟು ಹೋದವನು. ಈಗ ಅವನ ಹೆಂಡತಿ ಬಂದು ತನ್ನ ಕುರ್ಚಿಯಲ್ಲಿ ಕೂತಿದ್ದಳು.

ಉಳಿದವುಗಳ ಗುರುತು ಸಿಕ್ಕಿತು. ಒಂದೇ ಒಂದು ಪೋರ್ಟ್ ಏನು ಕಳಿಸಿದರೂ ಉತ್ತರ ಕೊಡಲಿಲ್ಲ.

"ಎಷ್ಟು ಮಾತಾಡಿಸಿದ್ರೂ ಬಾಯಿ ಬಿಡ್ತಿಲ್ಲ," ಎಂದಳು ಅತ್ತಿಗೆ.

"ನಿಮ್ಮ ಹಾಗಲ್ಲ ಅಂತಾಯ್ತು."

"ನಿಮ್ಮಣ್ಣ ಹಾಕಿಟ್ಟ ಪ್ರೋಗ್ರಾಂ ಇದು. ನಾನು ಕೇಳಿದ್ರೆ ಆ ಗೋದಾಮಿನ ಸುದ್ದಿನೇ ಬೇಡ ಅಂತಾರೆ. ನೀನೇ ಒಂದು ಫೋನ್ ಮಾಡು."

"ಅವನ ಕಾಲು ಹಿಡಿಯೋ ಗತಿ ನನಗಿನ್ನೂ ಬಂದಿಲ್ಲ. ಮುಚ್ಚಿಬಿಡ್ತೀನಿ. ಬೇಕಾದವರು ತಾವೇ ಕೂಗ್ತಾರೆ."

ಗೊತ್ತಿಲ್ಲದ್ದನ್ನು ಮುಚ್ಚಿ, ಯಾರು ಬೊಬ್ಬೆ ಹಾಕುತ್ತಾರೋ ಎಂದು ಕಾಯುವುದು ಸರ್ವರ್ ನೋಡಿಕೊಳ್ಳುವವರ ಕಸುಬಿನಲ್ಲಿ ಇರುವ ರೂಢಿಯೇ. ಅತ್ತಿಗೆ ಬೇಡ ಬೇಡ ಎನ್ನುತ್ತಿದ್ದಂತೆ ಅವನು ಮುಚ್ಚಿಯೇಬಿಟ್ಟ.

ಮರುದಿನ ಮಧ್ಯಾಹ್ನವಾದರೂ ಯಾರೂ ಕೂಗಲಿಲ್ಲ.

"ಕೇಳಿಸ್ತಾ ಅತ್ತಿಗೆ, ಬೊಬ್ಬೆ? ಕಿವಿ ಕಿತ್ತುಹೋಗ್ತಿದೆ ನನಗಂತೂ."

ಅತ್ತಿಗೆಗೆ ಬೇರೆಯೇ ಅನುಮಾನ. ಏನಾದರೂ ಕೆಟ್ಟಾಗ ಮಾತ್ರ ಮಾತಾಡುವ ಪ್ರೋಗ್ರಾಂ ಆಗಿದ್ದರೆ? ಮುಚ್ಚಿದ ಪೋರ್ಟಿಗೆ ಬರುವ ಕರೆಗಳೆಲ್ಲ ಪರದೆಯ ಮೇಲೆ ಕಾಣುವಂತೆ ಮಾಡಿಟ್ಟು, ಮೊದಲನೇ ಶೀತಕೋಣೆಗೆ ಹೋಗಿ ಗೋಡೆಯ ಉಷ್ಣಮಾಪಕ ಬಿಸಿಯಾಗಲೆಂದು ಅದನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು. ಬೆರಳು ಮರಗಟ್ಟಿತು.

ವಾಪಸ್ ಬಂದು ನೋಡಿದರೆ ಆ ಕೋಣೆಯಿಂದ ಒಂದು ಕರೆ ಬಂದಿತ್ತು. ಕೋಣೆ ಬಿಸಿಯಾಗುತ್ತಿದೆ, ಗಂಟೆ ಬಾರಿಸು ಎಂಬ ಕರೆ. ಬಾರಿಸಬೇಕಾದ ಪ್ರೋಗ್ರಾಂ ಆ ಮುಚ್ಚಿದ ಪೋರ್ಟಿನ ಹಿಂದಿತ್ತು.

"ಸರಿ, ಗೊತ್ತಾಯ್ತಲ್ಲ, ತೆರೀತೀನಿ," ಎಂದ ಮೈದುನ.

"ತಡಿ. ಇದು ಒಂದನೇ ಕೋಣೆಯದು. ಪರದೆ ಮೇಲಿರೋ ಈ ಮಿಕ್ಕ ಕರೆಗಳೆಲ್ಲ ಎರಡನೇ ಕೋಣೆಯಿಂದ ಬರ್ತಿವೆ. ಅಲ್ಲಿಗೆ ನಾನು ಕಾಲೇ ಇಟ್ಟಿಲ್ಲ."

ಇಬ್ಬರೂ ಓಡಿದರು. ಎರಡನೇ ಕೋಣೆಯ ಫ್ಯಾನ್ ನಿಂತಿತ್ತು. ಒಳಗೆ ಹೊರಗಿನಷ್ಟೇ ಸೆಕೆ. ಲಸಿಕೆಯ ಪೆಟ್ಟಿಗೆಗಳ ರಟ್ಟು ಒದ್ದೆಯಾಗಿ ಮೆತ್ತಗಾಗಿತ್ತು.

"ಇದನ್ನ ಬೇಕಂತಲೇ ತೋರಿಸೋಕೆ ಬಂದ್ರಾ ನೀವು?"

"ಪೆಟ್ಟಿಗೆ ಇಳಿಸು. ಎಲ್ಲ ಬಿಸಾಕಬೇಕು."

"ಹಿಂದಿನ ಸಾಲಿನದಾದ್ರೂ ಉಳಿದಿರುತ್ತೆ. ಮತ್ತೆ ತಣ್ಣಗೆ ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಮಾಡು. ಅದರಲ್ಲಿ ಮೊದಲನೇದು ನಿನ್ನ ಮಗಳಿಗೆ ಚುಚ್ಚಿಸು."

ಮೈದುನ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ಹಿಂದಿನ ಸಾಲಿಗೆ ಹೋಗಿ, ಮೇಲಿನ ಪೆಟ್ಟಿಗೆಯನ್ನು ಎಳೆದು ಅವಳ ಕಾಲ ಬಳಿ ದೊಪ್ಪೆಂದು ಹಾಕಿದ.