ಡಬ್ಬಿಯ ಮೇಲಿನ ಭಂಡಾರ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಎರಡು ಪುಟ ಬರೆದುಕೊಡಬೇಕೆಂದು ಪ್ರಾಚಾರ್ಯ ಪ್ರವೀಣಕುಮಾರರು ಭಾಗ್ಯಾಳ ಬೆನ್ನು ಹತ್ತಿ ತಿಂಗಳಾಗಿತ್ತು. ವಿಷಯವನ್ನೂ ಅವರೇ ಗೊತ್ತುಮಾಡಿದ್ದರು: ವಿದೇಶದಲ್ಲಿ ಓದಿದ ನೆನಪುಗಳು. ಬಾಗಲಕೋಟೆಯ ಆ ಕಾಲೇಜಿನಲ್ಲಿ ಭಾಗ್ಯಾ ಭೂವಿಜ್ಞಾನ ಕಲಿಸುವ ಅತಿಥಿ ಉಪನ್ಯಾಸಕಿ. ಎಂ.ಎಸ್ಸಿ. ಓದುವಾಗ ವಿದ್ಯಾರ್ಥಿ ವಿನಿಮಯದಲ್ಲಿ ಐದು ತಿಂಗಳು ಪೋರ್ಚುಗಲ್ಲಿಗೆ ಹೋಗಿಬಂದವಳು. ವಿಮಾನ ಹತ್ತಿದವರು ಕಾಲೇಜಿನಲ್ಲಿ ಇನ್ನೂ ಇಬ್ಬರಿದ್ದರು. ಆದರೆ ಒಬ್ಬರು ದುಬೈಗೆ ಮದುವೆಗೆಂದು ಹೋಗಿದ್ದರು, ಇನ್ನೊಬ್ಬರು ಅಂಡಮಾನಿಗೆ. ಹೀಗಾಗಿ ನೆನಪು ಮಾಡಿಕೊಳ್ಳುವ ಕೆಲಸ ಇವಳ ಪಾಲಿಗೆ ಬಂತು.

"ಹಿಮದ ಬಗ್ಗೆ ಬರೀರಿ ಮೇಡಂ, ಹುಡುಗೂರು ಓದ್ತಾರ," ಎಂದರು ಪ್ರಾಚಾರ್ಯರು.

"ಅಲ್ಲಿ ಹಿಮಾ ಬಿದ್ದಿಲ್ರಿ ಸರ್. ಬರೇ ಮಳಿ."

"ಮಳೀನ ಸ್ವಲ್ಪ ಗಟ್ಟಿ ಮಾಡ್ರಿ. ಯಾರ ನೋಡಾಕ ಹೋಗ್ಯಾರ?"

ಮೂರು ಸಲ ಕೂತಳು. ಮೂರು ಸಲವೂ ‘ಪೋರ್ಚುಗಲ್ ಒಂದು ಸುಂದರ ದೇಶ’ ಎಂದು ಬರೆದು ಹೊಡೆದುಹಾಕಿದಳು. ಸುಂದರ ದೇಶವೇ, ಅದರಲ್ಲಿ ಸುಳ್ಳಿಲ್ಲ. ಹೋಗಿಬಂದ ಬೇರೆಯವರ ನೆನಪಿನಲ್ಲಿ ಸಮುದ್ರವಿರುತ್ತದೆ, ಚರ್ಚುಗಳಿರುತ್ತವೆ. ಭಾಗ್ಯಾಳ ನೆನಪಿನಲ್ಲಿ ಒಂದು ಕೆಮ್ಮು ಇತ್ತು. ಕೆಮ್ಮಿನ ಬಗ್ಗೆ ಸಂಚಿಕೆಯಲ್ಲಿ ಯಾರು ಬರೆಯುತ್ತಾರೆ?

ಅವಳಿದ್ದದ್ದು ಆ ದೇಶದ ಉತ್ತರಕ್ಕೆ, ಗುಡ್ಡದ ಮೇಲಿನ ಸಣ್ಣ ಊರಿನಲ್ಲಿ. ಊರಿಗೆ ಊರೇ ಗ್ರಾನೈಟಿನದು. ಮನೆ, ಗೋಡೆ, ಓಣಿ, ಮುದುಕರು ಕೂಡುವ ಕಟ್ಟೆ, ಎಲ್ಲವೂ ಕಲ್ಲು. ಇಳಕಲ್ಲಿನ ಕಲ್ಲು ಕೆಂಪು, ಅಲ್ಲಿಯದು ಬೂದು, ಅಷ್ಟೇ ಫರಕು. ಮೊದಲ ದಿನವೇ ಅಪ್ಪನಿಗೆ ಫೋನು ಹಚ್ಚಿ ಇದನ್ನೆಲ್ಲ ಹೇಳಿದ್ದಳು.

"ಕಲ್ಲಾಗ ಹುಟ್ಟಿ ಕಲ್ಲ ಓದಾಕ ಅಷ್ಟು ದೂರ ಹೋಗಬೇಕಿತ್ತೇನವಾ ಬಾಗವ್ವಾ," ಎಂದು ಮುತ್ತಪ್ಪ ನಕ್ಕಿದ್ದ. ನಕ್ಕು ಮುಗಿಸುವಾಗ ಕೆಮ್ಮಿದ್ದ. ಅವಳದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಪ್ಪ ಕೆಮ್ಮುವುದು ಆ ಮನೆಯಲ್ಲಿ ಕುಕ್ಕರ್ ಕೂಗಿದಷ್ಟೇ ಮಾಮೂಲು.

ಮುತ್ತಪ್ಪನ ಅಪ್ಪ ಹುನಗುಂದದ ಆಚೆಯ ಹಳ್ಳಿಯಲ್ಲಿ ಕುರಿ ಕಾಯ್ದವನು. ಮುತ್ತಪ್ಪ ಕುರಿ ಮಾರಿ, ಮನೆದೇವರು ಬೀರಪ್ಪನಿಗೆ ಕೈಮುಗಿದು, ಹೆಂಡತಿ ಲಗಮವ್ವನನ್ನು ಕರೆದುಕೊಂಡು ಇಳಕಲ್ಲಿಗೆ ಬಂದು ಗ್ರಾನೈಟು ಪಾಲಿಶ್ ಮಾಡುವ ಫ್ಯಾಕ್ಟರಿ ಸೇರಿದ. ಅಂದಿನಿಂದ ಕೈಯಲ್ಲಿ ಗ್ರೈಂಡರ್ ಹಿಡಿದು ಕಲ್ಲಿನ ಅಂಚು ನಯ ಮಾಡುವುದೇ ಕೆಲಸ. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ, ಕಿವಿಯ ಕೂದಲೆಲ್ಲ ಬೆಳ್ಳಗಿರುತ್ತಿತ್ತು. ಭಾಗ್ಯಾ ಅ ಆ ಇ ಈ ಕಲಿತದ್ದೇ ಅಪ್ಪನ ಮುಂಗೈ ಧೂಳಿನಲ್ಲಿ ಬೆರಳಾಡಿಸಿ. ಆ ಧೂಳು ಮುಂಗೈ ಮೇಲಷ್ಟೇ ಕೂಡುವುದಿಲ್ಲ ಎಂದು ತಿಳಿಯಲು ಅವಳು ಪೋರ್ಚುಗಲ್ಲಿಗೇ ಹೋಗಬೇಕಾಯಿತು.

ಎರಡನೇ ತಿಂಗಳಲ್ಲಿ ತರಗತಿಯವರನ್ನೆಲ್ಲ ಒಂದು ಕಲ್ಲು ಕೊಯ್ಯುವ ಕಾರ್ಖಾನೆಗೆ ಕರೆದೊಯ್ದರು. ಬಾಗಿಲಲ್ಲಿ ಮನುಯೆಲ್ ಎಂಬ ವಯಸ್ಸಾದ ಮೇಸ್ತ್ರಿ ಒಬ್ಬೊಬ್ಬರಿಗೂ ಮೂಗು ಬಾಯಿ ಮುಚ್ಚುವ ರಬ್ಬರಿನ ಮಾಸ್ಕು ಕೊಟ್ಟು, ಹಿಂದಿನ ಪಟ್ಟಿಯನ್ನು ತಾನೇ ಎಳೆದು ಬಿಗಿಮಾಡಿ ಒಳಗೆ ಬಿಡುತ್ತಿದ್ದ. ಒಳಗೆ ನೀರು ಸುರಿಯುತ್ತ ಕೊಯ್ಯುತ್ತಿದ್ದರು, ಧೂಳೆಂಬುದೇ ಕಾಣಲಿಲ್ಲ. ಹತ್ತು ನಿಮಿಷ ನೋಡಿ ಬರುವುದಕ್ಕೆ ಇದೆಲ್ಲ ಯಾಕೆ ಎಂದು ಭಾಗ್ಯಾ ಕೇಳಿದಳು. ಮನುಯೆಲ್ ಉತ್ತರ ಕೊಡುವ ಮೊದಲು ಕೆಮ್ಮಿದ. ಒಣ ಕೆಮ್ಮು, ಅದರ ತುದಿಗೆ ಸಣ್ಣದೊಂದು ಸಿಳ್ಳು. ಭಾಗ್ಯಾ ನಿಂತಲ್ಲೇ ನಿಂತಳು. ಅದು ಅಪ್ಪನ ಕೆಮ್ಮು.

ಆತ ಹೇಳಿದ್ದನ್ನು ಪ್ರೊಫೆಸರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಕಲ್ಲಿನ ಧೂಳು ಒಮ್ಮೆ ಎದೆಗೂಡಿನಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಅದಕ್ಕೆ ಔಷಧಿಯಿಲ್ಲ. ಹೊಸದು ಹೋಗದಂತೆ ತಡೆಯಬಹುದು, ಅಷ್ಟೇ. ಮನುಯೆಲ್‌ನ ಅಣ್ಣಂದಿರಿಬ್ಬರೂ ಅದರಿಂದಲೇ ಹೋದರಂತೆ.

ಅಂದೇ ಸಂಜೆ ಅಪ್ಪನಿಗೆ ಫೋನು ಮಾಡಿದಳು. "ಅಪ್ಪಾ, ಮಾರಿಗೆ ಬಟ್ಟಿ ಕಟ್ಗೊಂಡ ಕೆಲಸಾ ಮಾಡು."

"ಕಟ್ಗೋತೇನವಾ. ನೀ ಉಂಡಿಯಿಲ್ಲ?"

ಉಂಡೆ ಎಂದಳು. ಉಳಿದದ್ದನ್ನು ಹೇಳಲಿಲ್ಲ. ಹೇಳಿದರೆ ಕೆಲಸ ಬಿಡು ಎನ್ನಬೇಕು, ಬಿಡು ಎಂದರೆ ತಾನು ಓದು ಬಿಟ್ಟು ಊರಿಗೆ ಬರಬೇಕು. ಇನ್ನೂ ಮೂರು ತಿಂಗಳ ಪಾಠ ಬಾಕಿಯಿತ್ತು. ಅಪ್ಪನಿಗೆ ಹೇಳಬೇಕಾದ್ದನ್ನು ಅವಳು ಪ್ರೊಫೆಸರರಿಗೆ ಬರೆದುಕೊಟ್ಟಳು: ಪಾಲಿಶ್ ಘಟಕಗಳ ಧೂಳಿನ ಮೇಲೆ ಮೂವತ್ತು ಪುಟದ ಪ್ರಬಂಧ. ಅದರಲ್ಲಿ ‘ನಲವತ್ತೆಂಟು ವರ್ಷದ ಒಬ್ಬ ಕಾರ್ಮಿಕ’ ಎಂದು ಬರುವವನು ಮುತ್ತಪ್ಪ. ಇಪ್ಪತ್ತಕ್ಕೆ ಹದಿನೆಂಟು ಅಂಕ ಬಿತ್ತು. ಅಪ್ಪನ ಕೆಮ್ಮಿನಿಂದ ಅವಳು ಗಳಿಸಿದ್ದು ಅದು, ಮತ್ತು ಅದು ಅವಳಿಗೆ ಗೊತ್ತಿತ್ತು.

ಬಹುಶಃ ಅದಕ್ಕೇ ಕೊನೆಯ ತಿಂಗಳಿಡೀ ಬ್ರೆಡ್ಡು ತಿಂದು, ಉಳಿದ ದುಡ್ಡಿನಲ್ಲಿ ಮನುಯೆಲ್ ಕೊಟ್ಟಂಥದ್ದೇ ಒಂದು ಮಾಸ್ಕು ಕೊಂಡು ತಂದಳು. ನೀಲಿ ಡಬ್ಬಿ, ಒಳಗೆ ಮಾಸ್ಕು, ಧೂಳು ಸೋಸುವ ಎರಡು ಜೊತೆ ಫಿಲ್ಟರು. ಊರಿಗೆ ಬಂದ ವಾರವೇ ಅಪ್ಪನನ್ನು ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದು ಎಕ್ಸರೇ ತೆಗೆಸಿದಳು. ಈಗಷ್ಟೇ ಶುರುವಾಗಿದೆ, ಇನ್ನು ಧೂಳು ಹೋಗದಂತೆ ನೋಡಿಕೊಂಡರೆ ತುಂಬ ವರ್ಷ ಬದುಕುತ್ತಾರೆ ಎಂದರು ಅಲ್ಲಿನ ಡಾಕ್ಟರು. ಭಾಗ್ಯಾಳ ಜೀವ ಜಾಗಕ್ಕೆ ಬಂತು. ಹೋಗದಂತೆ ನೋಡಿಕೊಳ್ಳುವ ವಸ್ತು ಮನೆಯಲ್ಲೇ ಇತ್ತಲ್ಲ.

ಅಷ್ಟರಲ್ಲಿ ಪೋರ್ಚುಗಲ್ಲಿನಿಂದ ಪತ್ರ ಬಂತು. ವಿನಿಮಯಕ್ಕೆ ಬಂದವರು ಕಲಿತದ್ದನ್ನು ತಮ್ಮೂರಲ್ಲಿ ಹೇಗೆ ಬಳಸಿದರು ಎಂದು ವೆಬ್‌ಸೈಟಿನಲ್ಲಿ ಹಾಕುತ್ತೇವೆ, ಒಂದು ಫೋಟೋ ಕಳಿಸಿ. ಭಾಗ್ಯಾ ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ, ಮಾಸ್ಕು ತೊಡಿಸಿ, ಕೈಗೆ ಗ್ರೈಂಡರ್ ಕೊಟ್ಟು ಆರು ಫೋಟೋ ತೆಗೆದಳು. ಓಣಿಯವರೆಲ್ಲ ನೆರೆದು ನೋಡಿದರು. ಪಟ್ಟಿಯೊಳಗೆ ಕಿವಿ ಸಿಕ್ಕಿಕೊಂಡು ಮುತ್ತಪ್ಪ ನಾಚಿ ನಿಂತಿದ್ದ. ಆ ಫೋಟೋ ಈಗಲೂ ಅಲ್ಲಿದೆ.

ಮರುವರ್ಷ ದಸರೆಗೆ ಊರಿಗೆ ಹೋದಾಗ ಖಂಡೆ ಪೂಜೆಯ ಜಗಲಿಯ ಮೇಲೆ ಕುಡಗೋಲು, ಗ್ರೈಂಡರ್‌ಗಳ ಪಕ್ಕದಲ್ಲಿ ಆ ನೀಲಿ ಡಬ್ಬಿಯನ್ನೂ ಇಟ್ಟು, ಬೀರಪ್ಪನ ಗುಡಿಯಿಂದ ತಂದ ಅರಿಶಿನದ ಭಂಡಾರ ಹಚ್ಚಿದ್ದರು. ಅವಳಿಗೆ ಎಲ್ಲಿಲ್ಲದ ಖುಷಿಯಾಯಿತು. ಫೋಟೋ ಹೊಡೆದು ಅಲ್ಲಿನ ಗೆಳತಿಯರಿಗೆ ಕಳಿಸಿದಳು. ಅವರು ಹೃದಯದ ಚಿತ್ರಗಳನ್ನು ಕಳಿಸಿದರು. ಡಬ್ಬಿಯ ಮುಚ್ಚಳ ತೆಗೆದು ನೋಡಬೇಕು ಎಂದು ಮಾತ್ರ ಹೊಳೆಯಲಿಲ್ಲ.

ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದಳು: "ಮಾಸ್ಕ ಹಾಕ್ಕೋತೀಯಿಲ್ಲಪಾ?"

"ಹ್ಞೂಂ."

ಈ ಒಂದು ಹ್ಞೂಂ ನಂಬಿ ಭಾಗ್ಯಾ ಮೂರು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಸಂಚಿಕೆಯ ಗಡುವಿಗೆ ನಾಲ್ಕು ದಿನವಿರುವಾಗ ಲಗಮವ್ವ ಗಂಡನನ್ನು ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಕರೆತಂದಳು. ಮುತ್ತಪ್ಪನಿಗೆ ನಾಲ್ಕು ಹೆಜ್ಜೆ ಇಡಲೂ ಉಸಿರು ಸಾಲುತ್ತಿರಲಿಲ್ಲ. ದೊಡ್ಡ ದವಾಖಾನೆಯಲ್ಲಿ ಮಲಗಿಸಿ ಮೂಗಿಗೆ ಆಕ್ಸಿಜನ್ ಹಚ್ಚಿದರು. ಡಾಕ್ಟರ್ ಯಾಸ್ಮೀನ ಹಳೆಯದು, ಹೊಸದು ಎರಡೂ ಎಕ್ಸರೇಗಳನ್ನು ಬೆಳಕಿಗೆ ಹಿಡಿದು ಭಾಗ್ಯಾಳಿಗೆ ತೋರಿಸಿದರು. ಪೋರ್ಚುಗಲ್ಲಿನ ಗ್ರಂಥಾಲಯದಲ್ಲಿ ಇಂಥ ನೂರು ಚಿತ್ರ ನೋಡಿದವಳಿಗೆ ಹೇಳಿಕೊಡುವಂಥದ್ದೇನೂ ಇರಲಿಲ್ಲ.

"ಮಾರಿಗೇನೂ ಹಾಕ್ಕೊಳ್ದನ ಕೆಲಸಾ ಮಾಡ್ಯಾರೇನ್ರಿ?" ಎಂದು ಡಾಕ್ಟರು ಕೇಳಿದರು.

"ಇಲ್ರಿ ಮೇಡಂ, ಹಾಕ್ಕೋತಾರ. ನಾನ ಪೋರ್ಚುಗಲ್‌ದಿಂದ ತಂದುಕೊಟ್ಟೇನಿ. ಛಲೋದು."

"ಮೂರು ವರ್ಷದಿಂದ ಹಾಕ್ಕೊಂಡಿದ್ರ ಇಷ್ಟು ಕೆಡ್ತಿದ್ದಿಲ್ರಿ."

ಭಾಗ್ಯಾ ಅಪ್ಪನ ಕಡೆ ನೋಡಿದಳು. ಮುತ್ತಪ್ಪ ಗೋಡೆಯ ಕಡೆ ನೋಡುತ್ತಿದ್ದ. ಲಗಮವ್ವ ಸೆರಗಿನ ಗಂಟು ಬಿಚ್ಚಿ ಮನೆಯ ಕೀಲಿ ಕೊಟ್ಟಳು. "ಆಧಾರ ಕಾರ್ಡ, ಕಂಬಳಿ ಎರಡೂ ಮರತ ಬಂದೇವಿ. ಹೋಗಿ ತೊಗೊಂಬಾ," ಎಂದಳು. ಮಗಳ ಮುಖ ನೋಡಲಿಲ್ಲ.

ಇಳಕಲ್ಲಿನ ಬಸ್ಸು ಅಮೀನಗಡದಲ್ಲಿ ನಿಂತಾಗ ಕಿಟಕಿಗೆ ಕರದಂಟಿನ ಪೆಟ್ಟಿಗೆಗಳು ಬಂದವು. ವಿದೇಶಕ್ಕೆ ಹೊರಟಾಗ ಅಪ್ಪ ಇಲ್ಲೇ ಇಳಿದು ಎರಡು ಕಿಲೋ ಕಟ್ಟಿಸಿದ್ದ. ಅಲ್ಲಿ ಅದನ್ನು ಅವಳು ಯಾರಿಗೂ ಕೊಡದೆ, ತಾನೂ ಸರಿಯಾಗಿ ತಿನ್ನದೆ, ತೀರಿಹೋದೀತೆಂದು ಕಾಯ್ದಿಟ್ಟುಕೊಂಡಿದ್ದಳು. ಮಳೆಯ ಥಂಡಿಗೆ ಬೂಷ್ಟು ಹಿಡಿದು ಅರ್ಧಕ್ಕರ್ಧ ಚೆಲ್ಲಬೇಕಾಯಿತು.

ಕೀಲಿ ತೆಗೆದು ಒಳಗೆ ಹೋದರೆ ನೀಲಿ ಡಬ್ಬಿ ಬೀರಪ್ಪನ ಪಟದ ಪಕ್ಕದಲ್ಲೇ ಇತ್ತು. ಮುಚ್ಚಳದ ಮೇಲೆ ಮೂರು ದಸರೆಯ ಭಂಡಾರ ಒಂದರ ಮೇಲೊಂದು ಕೂತು ದಪ್ಪಗಾಗಿತ್ತು. ಮುಚ್ಚಳ ತೆಗೆದಳು. ಪಟ್ಟಿಗಳು ಅಂದು ಅವಳೇ ಮಡಿಸಿಟ್ಟಂತೆ ಮಡಿಸಿಕೊಂಡೇ ಇದ್ದವು. ಫಿಲ್ಟರುಗಳು ಹೊಚ್ಚ ಹೊಸವು. ಹೊಸ ರಬ್ಬರಿನ ವಾಸನೆ ಕೂಡ ಹೋಗಿರಲಿಲ್ಲ. ಹೊಸ್ತಿಲು, ಹಾಸಿಗೆ, ಅಪ್ಪನ ಅಂಗಿ, ಎಲ್ಲದಕ್ಕೂ ಕಲ್ಲಿನ ಬಿಳಿ ಹತ್ತಿದ್ದ ಆ ಮನೆಯಲ್ಲಿ ಧೂಳು ಮುಟ್ಟದ ವಸ್ತು ಅದೊಂದೇ.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಪ್ಪನ ಮೇಲೆ, ಸುಮ್ಮನಿದ್ದ ಅವ್ವನ ಮೇಲೆ, ಭಂಡಾರದ ಮೇಲೆ, ಯಾರ್ಯಾರ ಮೇಲೋ. ಹೋದವಳೇ ಕೇಳಬೇಕು, ಬಾಯಿಗೆ ಬಂದಂತೆ ಬೈಯಬೇಕು ಎಂದುಕೊಂಡು ಡಬ್ಬಿಯನ್ನು ಕಂಬಳಿಯೊಳಗೆ ಸುತ್ತಿ ತಿರುಗಿ ಬಸ್ಸು ಹತ್ತಿದಳು. ಹುನಗುಂದ ದಾಟುವಾಗ ಪ್ರಾಚಾರ್ಯರ ಫೋನು ಬಂತು.

"ಮೇಡಂ, ಲೇಖನಾ ಸಣ್ಣದಾದ್ರೂ ನಡೀತೈತಿ. ನಿಮ್ಮ ತಂದೀಯವರು ಮಾಸ್ಕ ಹಾಕ್ಕೊಂಡಿದ್ದು ಫೋಟೋ ಆ ವೆಬ್‌ಸೈಟಿನ್ಯಾಗ ಐತೆಲ್ಲಾ, ಅದನ್ನ ದೊಡ್ಡದಾಗಿ ಹಾಕೂಣಂತ."

"ಅದು ಫೋಟೋಕಷ್ಟ ಹಾಕ್ಕೊಂಡಿದ್ರಿ ಸರ್."

"ಫೋಟೋಕ್ಕ ಎಲ್ಲಾರೂ ಹಾಕ್ಕೋತಾರ್ರೀ. ಅದರಾಗೇನೈತಿ?"

ಅವಳು ಫೋನು ಇಟ್ಟುಬಿಟ್ಟಳು.

ವಾರ್ಡಿಗೆ ಬಂದಾಗ ಬಿಸಿಲು ಇಳಿದಿತ್ತು. ಲಗಮವ್ವ ಚಹಾ ತರಲು ಹೋಗಿದ್ದಳು. ಮುತ್ತಪ್ಪನ ಮೂಗು ಬಾಯಿಯ ಮೇಲೆ ಆಕ್ಸಿಜನ್ನಿನ ಮಾಸ್ಕು ಇತ್ತು, ಅದರೊಳಗೆ ಉಸಿರಿನ ಮಬ್ಬು ಬಂದು ಹೋಗುತ್ತಿತ್ತು. ಭಾಗ್ಯಾ ಕಂಬಳಿ ಬಿಚ್ಚಿ ಡಬ್ಬಿಯನ್ನು ಅವನ ಎದುರಿಗೆ ಹಿಡಿದಳು. ಅವನು ಗಾಬರಿಯಿಂದ ಮಾಸ್ಕು ಸರಿಸಿದ.

"ಅದನ್ನ್ಯಾಕ ಇಲ್ಲಿಗಿ ತಂದಿ? ಮಂದಿ ಭಾಳ ಇರ್ತಾರ, ಕಳದೀತು."

"ಒಂದಿನಾನೂ ಹಾಕ್ಕೊಂಡಿಲ್ಲಪ್ಪಾ ನೀ. ಮೂರು ವರ್ಷ ನನಗ ಸುಳ್ಳ ಹೇಳಿದಿ."

"ಒಂದಿನ ಒಯ್ದಿದ್ದೆ ಫ್ಯಾಕ್ಟರಿಗೆ," ಎಂದ ಮುತ್ತಪ್ಪ. ನಡುನಡುವೆ ಉಸಿರು ಎಳೆದುಕೊಂಡು ಹೇಳಿದ. "ಅಲ್ಲಿ ಧೂಳಾಗ ತಗ್ಯಾಕ ಮನಸಾಗಲಿಲ್ಲ. ಹೊಲಸಾಗ್ತೈತಿ ಅನಿಸ್ತು. ನೀನ ಹೇಳಿದ್ಯಲ್ಲವಾ... ಜ್ವಾಕಿ ಇಡಪಾ, ಭಾಳ ತುಟ್ಟೀದು, ಹಾಳಾದ್ರ ನಮ್ಮ ಕಡೆ ಸಿಗೂದಿಲ್ಲ ಅಂತ. ಜ್ವಾಕಿ ಇಟ್ಟೇನಿ ನೋಡು. ಬಂದವರಿಗೆಲ್ಲಾ ತೋರಿಸ್ತಿದ್ದೆ, ಮಗಳು ಪರದೇಶದಿಂದ ನನಗ ತಂದಾಳಂತ."

ಹೌದು, ಹೇಳಿದ್ದಳು. ಅಂಗಳದಲ್ಲಿ ಆರನೇ ಫೋಟೋ ತೆಗೆದಾದ ಮೇಲೆ ಅವಳೇ ಅಪ್ಪನ ಮುಖದಿಂದ ಮಾಸ್ಕು ಬಿಚ್ಚಿ, ಸೆರಗಿನಿಂದ ಒರೆಸಿ, ಪಟ್ಟಿ ಮಡಿಸಿ ಡಬ್ಬಿಗೆ ಹಾಕಿ, ಇದೇ ಮಾತುಗಳನ್ನು ಹೇಳಿ ಕೈಗೆ ಕೊಟ್ಟಿದ್ದಳು. ಓಣಿಯವರೆಲ್ಲ ಕೇಳುವಂತೆ, ತುಸು ದೊಡ್ಡ ದನಿಯಲ್ಲೇ ಹೇಳಿದ್ದಳು. ದಿನಾ ಹಾಕಿಕೋ ಎಂದು ಅಂದು ಹೇಳಿದ್ದಳೋ ಇಲ್ಲವೋ, ಎಷ್ಟು ನೆನಪು ಮಾಡಿಕೊಂಡರೂ ನೆನಪಾಗಲಿಲ್ಲ. ಅಂಥ ಫಿಲ್ಟರುಗಳು ಈಗ ಫೋನಿನಲ್ಲಿ ಬೆರಳೊತ್ತಿದರೆ ಮೂರು ದಿನಕ್ಕೆ ಇಳಕಲ್ಲಿಗೇ ಬರುತ್ತವೆ. ಸಿಗುತ್ತವೆಯೋ ಇಲ್ಲವೋ ಎಂದು ಒಂದು ಸಲವಾದರೂ ನೋಡಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಡಬ್ಬಿ ಹಿಡಿದ ಬೆರಳುಗಳಿಗೆಲ್ಲ ಅರಿಶಿನ ಹತ್ತಿತ್ತು.

ಮುತ್ತಪ್ಪನಿಗೆ ಅವಳ ಮುಖ ನೋಡಿ ಏನನ್ನಿಸಿತೋ, ಡಬ್ಬಿಯನ್ನು ಇಸಿದುಕೊಂಡು ತಲೆದಿಂಬಿನ ಕೆಳಗೆ ಜೋಪಾನವಾಗಿ ಸೇರಿಸಿದ. ಆಮೇಲೆ ಗದ್ದಕ್ಕೆ ಜೋತುಬಿದ್ದಿದ್ದ ಆಕ್ಸಿಜನ್ ಮಾಸ್ಕನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಇದೂ ತುಟ್ಟೀದೇನವಾ?"

"ಇಲ್ಲಪ್ಪಾ," ಎಂದಳು ಭಾಗ್ಯಾ.

"ಹಂಗಾದ್ರ ಇರಲಿ ಬಿಡು," ಎಂದು ಮುತ್ತಪ್ಪ ಅದನ್ನು ತಾನೇ ಮೂಗಿನ ಮೇಲೆ ಎಳೆದುಕೊಂಡ.